ನೂರೈವತ್ತು ವರ್ಷಗಳ ನೀರಿನ ಹಕ್ಕು ಮುಗಿದಾಗ



ನೀರಿನ ಹಕ್ಕು ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಕಾವೇರಿ. 1924ರ ಒಪ್ಪಂದದ ಐವತ್ತು ವರ್ಷಗಳ ಅವಧಿ 1974ರಲ್ಲಿ ಮುಗಿಯಿತೇ ಇಲ್ಲವೇ ಎಂಬುದೇ ಎಷ್ಟು ದೊಡ್ಡ ವಾದವಾಯಿತೆಂದು ನಿಮಗೆ ಗೊತ್ತಿದೆ. ಇಂದು ನಾನು ಹೇಳಹೊರಟಿರುವುದು ಬಹಳ ದೂರದ ಒಂದು ಸೀಮೆಯ ಕಥೆ. ಅಲ್ಲಿ ಹಕ್ಕು ಎಂದು ಮುಗಿಯುತ್ತದೆ ಎಂಬುದರ ಬಗ್ಗೆ ವಾದವೇ ಇರಲಿಲ್ಲ. 2021ನೆಯ ಇಸವಿ ಅಕ್ಟೋಬರ್ 1 ಎಂದು ಮೂವತ್ತು ವರ್ಷ ಮೊದಲೇ ಕಾಯಿದೆಯಲ್ಲಿ ಬರೆದಿಟ್ಟಿದ್ದರು. ಆದರೂ ಆ ದಿನ ಹತ್ತಿರ ಬಂದಾಗ ಯಾರೂ ಸಿದ್ಧರಾಗಿರಲಿಲ್ಲ.

ಇದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಟಾಗೋ ಪ್ರಾಂತ. ಪಶ್ಚಿಮದ ಎತ್ತರದ ಪರ್ವತಗಳು ಮಳೆಯನ್ನೆಲ್ಲ ತಡೆದುಬಿಡುವುದರಿಂದ ಒಟಾಗೋದ ನಡುಭಾಗ ಒಣಭೂಮಿ. ಅಲ್ಲಿನ ಅಲೆಕ್ಸಾಂಡ್ರ ಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 350 ಮಿಲಿಮೀಟರ್. ನಮ್ಮ ಚಳ್ಳಕೆರೆಗಿಂತಲೂ ಕಡಿಮೆ. ಇಂಥ ನಾಡಿಗೆ ಜನರನ್ನು ಎಳೆದು ತಂದದ್ದು ಚಿನ್ನ. 1861ರಲ್ಲಿ ಗೇಬ್ರಿಯಲ್ ರೀಡ್ ಎಂಬಾತನಿಗೆ ಒಂದು ಕಣಿವೆಯಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಹಾರ್ಟ್ಲಿ ಮತ್ತು ರೈಲಿ ಎಂಬಿಬ್ಬರು 87 ಪೌಂಡ್ ಚಿನ್ನವನ್ನು ಡುನೆಡಿನ್ ನಗರಕ್ಕೆ ಹೊತ್ತು ತಂದರು. ಆಮೇಲೆ ಕೇಳಬೇಕೇ, ಸಾವಿರಾರು ಜನ ನುಗ್ಗಿದರು.

ಮಣ್ಣಿನಿಂದ ಚಿನ್ನ ಬೇರ್ಪಡಿಸಲು ನೀರು ಬೇಕು. ಗುಡ್ಡವನ್ನೇ ನೀರಿನ ರಭಸದಿಂದ ಕೊಚ್ಚಿ ತೊಳೆಯುವ ಪದ್ಧತಿ ಬಂದ ಮೇಲಂತೂ ಅಪಾರ ನೀರು ಬೇಕಾಯಿತು. ಬೆಟ್ಟದ ಓರೆಯಲ್ಲಿ ಗುದ್ದಲಿ ಪಿಕಾಸಿಗಳಿಂದ ಕಾಲುವೆ ತೋಡಿದರು. ಮೌಂಟ್ ಐಡಾ ಕಾಲುವೆ ಒಂದೇ ಸುಮಾರು ನೂರು ಕಿಲೋಮೀಟರ್ ಉದ್ದವಿತ್ತು. ಗಣಿ ಪ್ರದೇಶದಲ್ಲಿ ವಾರ್ಡನ್ ಎಂಬ ಅಧಿಕಾರಿಯ ನ್ಯಾಯಾಲಯವಿತ್ತು. ನೀರಿನ ಹಕ್ಕನ್ನು ಬರೆದುಕೊಡುತ್ತಿದ್ದುದು ಅಲ್ಲಿ. ಅಳತೆ 'ಹೆಡ್'. ಒಂದು ಹೆಡ್ ಎಂದರೆ ನಮಗೆ ಪರಿಚಿತವಾದ ಒಂದು ಕ್ಯೂಸೆಕ್, ಸೆಕೆಂಡಿಗೆ ಸುಮಾರು 28 ಲೀಟರ್.

ಈ ಹಕ್ಕಿನ ಮುಖ್ಯ ಲಕ್ಷಣ ಹಿರಿತನ. ಮೊದಲು ಬರೆಸಿಕೊಂಡವನಿಗೆ ಮೊದಲ ನೀರು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ 1865ರ ಹಕ್ಕುದಾರ 1890ರ ಹಕ್ಕುದಾರನಿಗೆ ತೂಬು ಮುಚ್ಚೆಂದು ಹೇಳಬಹುದಾಗಿತ್ತು, ಅವನು ಮುಚ್ಚಲೇಬೇಕಾಗಿತ್ತು. ಹೊಳೆಯಲ್ಲಿ ಇಷ್ಟು ನೀರು ಉಳಿಯಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಹೊಳೆಯೇ ಬತ್ತಿದರೂ ಹಕ್ಕು ಹಕ್ಕೇ.

ಚಿನ್ನ ಮುಗಿಯಿತು, ಕಾಲುವೆ ಉಳಿಯಿತು. ಹಕ್ಕುಪತ್ರಗಳು ಗಣಿಗಾರರಿಂದ ಕುರಿ ಸಾಕುವವರಿಗೆ, ಹುಲ್ಲುಗಾವಲಿನವರಿಗೆ, ಏಪ್ರಿಕಾಟ್ ಮತ್ತು ಚೆರ್ರಿ ತೋಟದವರಿಗೆ ಕೈಬದಲಾದವು. ಜಮೀನಿನ ಬೆಲೆಯಲ್ಲಿ ನೀರಿನ ಬೆಲೆಯೂ ಸೇರಿಹೋಯಿತು. 1967ರ ಕಾನೂನು ನೀರಿನ ಮೇಲಿನ ಅಧಿಕಾರವೆಲ್ಲ ಸರ್ಕಾರದ್ದೆಂದು ಸಾರಿತಾದರೂ ಈ ಗಣಿಕಾಲದ ಹಕ್ಕುಗಳನ್ನು ಕೈಬಿಡುವ ಧೈರ್ಯ ಮಾಡಲಿಲ್ಲ. 1991ರಲ್ಲಿ ಸಂಪನ್ಮೂಲ ನಿರ್ವಹಣಾ ಕಾಯಿದೆ ಬಂದಾಗ, ಇವನ್ನು ಪರವಾನಗಿಗಳೆಂದೇ ಭಾವಿಸತಕ್ಕದ್ದು, ಮೂವತ್ತು ವರ್ಷಗಳ ನಂತರ ರದ್ದಾಗತಕ್ಕದ್ದು ಎಂದು ವಿಧಿಸಿದರು. ಮುಂದೆಯೂ ನೀರು ಬೇಕೆನ್ನುವವರು ಎಲ್ಲರಂತೆ ಹೊಸ ಅನುಮತಿ ಪಡೆಯಬೇಕು. ಅದರಲ್ಲಿ ಪ್ರಮಾಣ, ಅವಧಿ, ಹೊಳೆಯ ಕನಿಷ್ಠ ಹರಿವು ಎಲ್ಲವೂ ನಮೂದಾಗಿರುತ್ತವೆ. ಹಿರಿತನ ತಾನಾಗಿ ಮುಂದುವರಿಯುವುದಿಲ್ಲ.

ಕಾಗದದ ಮೇಲೆ ಇದು ಸರಳ. ಹೊಳೆಯ ಬಳಿ ನಿಂತರೆ ಅಷ್ಟು ಸರಳವಲ್ಲ. ಮೊದಲನೆಯದಾಗಿ, ಮನುಹೆರಿಕಿಯಾದಂಥ ನದಿಯ ಮೇಲೆ ಬರೆದುಕೊಟ್ಟಿದ್ದ ಹಕ್ಕುಗಳನ್ನು ಕೂಡಿದರೆ ಅದು ಬೇಸಿಗೆಯ ನದಿಯ ಎಷ್ಟೋ ಪಟ್ಟು ಆಗುತ್ತಿತ್ತು. ವಾಸ್ತವದಲ್ಲಿ ಯಾರು ಎಷ್ಟು ಬಳಸುತ್ತಿದ್ದರೆಂಬ ಲೆಕ್ಕವೇ ಬಹುಕಾಲ ಇರಲಿಲ್ಲ. ಸೆಕೆಂಡಿಗೆ 5 ಲೀಟರು ಮತ್ತು ಮೇಲ್ಪಟ್ಟು ನೀರೆತ್ತುವವರು ಮೀಟರ್ ಇಡಬೇಕೆಂಬ ನಿಯಮ ಬಂದದ್ದು 2010ರಲ್ಲಿ. ಹಿಂದಿನ ಐದು ವರ್ಷ ಬಳಸಿದ್ದಕ್ಕಿಂತ ಹೆಚ್ಚು ಕೊಡಬಾರದೆಂಬುದು ಪ್ರಾಂತೀಯ ಪರಿಷತ್ತಿನ ನೀತಿ. ನ್ಯಾಯವಾಗಿಯೇ ಕಾಣುತ್ತದೆ. ಆದರೆ ತುಂತುರು ಯಂತ್ರ ಹಾಕಿಸಿ ನೀರು ಉಳಿಸಿದ ರೈತನಿಗೆ ಕಡಿಮೆ ಸಿಗುತ್ತದೆ, ಹೊಲಕ್ಕೆ ಸುಮ್ಮನೆ ಹರಿಯಬಿಟ್ಟವನಿಗೆ ಹೆಚ್ಚು ಸಿಗುತ್ತದೆ ಎಂಬ ಆತಂಕಕ್ಕೆ ಅದೇ ದಾರಿ ಮಾಡಿತು. ಉಳಿಸಿದವನೇ ಕಳೆದುಕೊಳ್ಳುವ ಇಂಥ ನಿಯಮಗಳು ನಮ್ಮಲ್ಲೂ ಇಲ್ಲದಿಲ್ಲ.

ಎರಡನೆಯದು ಮೀನಿನ ವಿಷಯ. ನನಗೆ ಬಹಳ ಸ್ವಾರಸ್ಯವೆನಿಸಿದ್ದು ಇದು. ಆ ತೊರೆಗಳಲ್ಲಿ ಗ್ಯಾಲಾಕ್ಸಿಯಸ್ ಎಂಬ ಪುಟ್ಟ ದೇಶೀ ಮೀನುಗಳಿವೆ. ಅವುಗಳಲ್ಲಿ ಕೆಲವು ಜಾತಿ ಬೇರೆಲ್ಲೂ ಇಲ್ಲ, ಅಳಿವಿನ ಅಂಚಿನಲ್ಲಿವೆ. ನದಿಗೆ ಹೆಚ್ಚು ನೀರು ಬಿಟ್ಟರೆ ಇವು ಬದುಕುತ್ತವೆ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಯನ್ನರು ಗಾಳದ ಮೋಜಿಗಾಗಿ ತಂದುಬಿಟ್ಟ ಟ್ರೌಟ್ ಮೀನು ಇವನ್ನು ತಿಂದುಹಾಕುತ್ತದೆ. ಕಾಲುವೆಗೆ ನೀರು ತಿರುಗಿಸಿದ್ದರಿಂದ ಬತ್ತಿದ ತೊರೆಯ ಭಾಗಗಳೇ ಕೆಲವೆಡೆ ಟ್ರೌಟ್ ಮೇಲೇರದಂತೆ ತಡೆಗೋಡೆಯಾಗಿದ್ದವು! ಗಣಿಗಾರನ ಅತಿಯಾಸೆ ತಿಳಿಯದೆಯೇ ಒಂದು ಜೀವಿಯನ್ನು ಕಾಪಾಡಿತ್ತು. ಹೀಗಾಗಿ ಎಲ್ಲ ತೊರೆಗೂ ಒಂದೇ ನಿಯಮ ಹೊಂದುವುದಿಲ್ಲ. ಒಂದೊಂದನ್ನೂ ನಡೆದು ನೋಡಬೇಕು.

ಲಿಂಡಿಸ್ ನದಿಯಲ್ಲಿ ಬೇಸಿಗೆಯ ಕನಿಷ್ಠ ಹರಿವು ಸೆಕೆಂಡಿಗೆ 900 ಲೀಟರ್ ಇರಬೇಕೆಂದು ಪರಿಷತ್ತಿನ ಕಡೆಯಿಂದ ತೀರ್ಮಾನವಾಯಿತು. ರೈತರು ಮೇಲ್ಮನವಿ ಹೋದರು. 2019ರಲ್ಲಿ ಪರಿಸರ ನ್ಯಾಯಾಲಯ 550 ಲೀಟರ್ ಎಂದು ನಿಗದಿ ಮಾಡಿತು. ಸೋರುವ ಉದ್ದನೆಯ ಹಳೆಯ ಕಾಲುವೆಗಳನ್ನು ಬಿಟ್ಟು ಇನ್ನೂ ಕೆಳಗಡೆ ನದಿಯಿಂದಲೇ ನೀರೆತ್ತುವ ಯೋಜನೆಯನ್ನು ರೈತರು ಮುಂದಿಟ್ಟಿದ್ದರು. ಹೀಗೆ ಒಂದು ನದಿಯ ಇತ್ಯರ್ಥಕ್ಕೇ ವರ್ಷಗಳು ಹಿಡಿದವು. ಉಳಿದವುಗಳ ಗತಿ?

ಗಡುವಿಗೆ ಎರಡು ವರ್ಷವಿದ್ದಾಗ ಕೇಂದ್ರ ಸರ್ಕಾರ ಪರಿಶೀಲನೆ ಮಾಡಿಸಿತು. ಪರಿಷತ್ತಿನ ನೀರಿನ ಯೋಜನೆ ಈ ಕೆಲಸಕ್ಕೆ ತಕ್ಕುದಲ್ಲವೆಂದು ವರದಿ ಬಂತು. ದುರ್ಬಲ ಯೋಜನೆಯಡಿ 35 ವರ್ಷಗಳವರೆಗಿನ ಅನುಮತಿ ಕೊಟ್ಟರೆ ಹಳೆಯ ತಪ್ಪೇ ಹೊಸ ಮೊಹರಿನೊಂದಿಗೆ ಮುಂದುವರಿಯುತ್ತದಲ್ಲ! ಆದ್ದರಿಂದ 2020ರಲ್ಲಿ ತಾತ್ಕಾಲಿಕ ಏರ್ಪಾಡು ತಂದರು: ಸಾಮಾನ್ಯವಾಗಿ ಆರು ವರ್ಷ ಮೀರದ ಅಲ್ಪಾವಧಿ ಅನುಮತಿ. ಪರಿಸರ ನ್ಯಾಯಾಲಯದ ವಿಚಾರಣೆಯ ನಂತರ ಅದೇ ಊರ್ಜಿತವಾಯಿತು. ಆರು ತಿಂಗಳು ಮುಂಚೆ ಅರ್ಜಿ ಹಾಕಿದವರು ತೀರ್ಮಾನವಾಗುವವರೆಗೆ ಹಳೆಯ ರೀತಿಯಲ್ಲೇ ನೀರು ತೆಗೆಯಬಹುದಾಗಿತ್ತು.

ರೈತರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನೀರು ಉಳಿಸಲು ಹೊಂಡ ಕಟ್ಟಿಸು, ಕೊಳವೆ ಹಾಕಿಸು ಎನ್ನುತ್ತೀರಿ. ಆರು ವರ್ಷದ ಕಾಗದವನ್ನು ನಂಬಿ ಯಾವ ಬ್ಯಾಂಕು ಸಾಲ ಕೊಟ್ಟೀತು ಎಂಬುದು ಅವರ ಪ್ರಶ್ನೆ. ನದಿಯ ಪರವಾಗಿ ಮಾತನಾಡುವವರ ಪ್ರಶ್ನೆಯೂ ಸರಿಯೇ: ಮೂವತ್ತು ವರ್ಷದ ನೋಟೀಸು ಇತ್ತಲ್ಲ, ಇನ್ನೆಷ್ಟು ಕಾಯಬೇಕು? ನದಿಗಳೊಂದಿಗೆ ತಲೆತಲಾಂತರದ ಸಂಬಂಧವುಳ್ಳ ಕಾಯ್ ತಾಹು ಮೂಲನಿವಾಸಿಗಳ ಮಾತನ್ನಂತೂ ವಾರ್ಡನ್ನನ ಕಾಲದಲ್ಲಿ ಕೇಳಿದವರೇ ಇರಲಿಲ್ಲ. ನನ್ನನ್ನು ಕೇಳಿದರೆ, ದೊಡ್ಡ ತಪ್ಪು ಆಡಳಿತದ್ದು. ಹಕ್ಕನ್ನು ಕೊನೆಗೊಳಿಸುವ ದಿನವನ್ನು ಗೊತ್ತುಮಾಡಿದವರು, ಅದರ ಜಾಗದಲ್ಲಿ ಏನು ಬರಬೇಕೆಂದು ನಿರ್ಧರಿಸುವ ದಿನವನ್ನು ಗೊತ್ತುಮಾಡಲಿಲ್ಲ. ನದಿ ಅಳೆಯುವ ಕೆಲಸ 1992ರಲ್ಲೇ ಶುರುವಾಗಬೇಕಿತ್ತು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಪರಿಷತ್ತು ಕೊನೆಗೂ ಹೊಸ ಭೂಮಿ ಮತ್ತು ಜಲ ಯೋಜನೆಯನ್ನು ಸಿದ್ಧಪಡಿಸಿ ಪ್ರಕಟಿಸುವ ಹಂತಕ್ಕೆ ತಂದಿತ್ತು. 2024ರ ಅಕ್ಟೋಬರ್‌ನಲ್ಲಿ ಪಾರ್ಲಿಮೆಂಟು, ರಾಷ್ಟ್ರೀಯ ನೀತಿ ಬದಲಾಗುವವರೆಗೆ ಇಂಥ ಯೋಜನೆಗಳನ್ನು ಪ್ರಕಟಿಸಕೂಡದೆಂದು ಕಾನೂನು ಮಾಡಿ ತಡೆಹಿಡಿಯಿತು. ಇತ್ತ, ತಾತ್ಕಾಲಿಕವೆಂದು ಕೊಟ್ಟ ಆರು ವರ್ಷಗಳು ಒಂದೊಂದಾಗಿ ಕರಗುತ್ತ ಹೋದವು.