ಮೀಸೆ ಮೀನುಗಳ ಲೋಕ ಮತ್ತು ನಮ್ಮ ಕೆರೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಪಾಠ ಹೇಳುವ ಮೇಷ್ಟ್ರು ಮೀನಿನ ವಿಷಯ ಏಕೆ ಮಾತನಾಡುತ್ತಾರೆ ಎಂದು ನಿಮಗೆ ಆಶ್ಚರ್ಯವಾಗಬಹುದು. ಕಾರಣವಿದೆ. ಕಳೆದ ವರ್ಷ ಎಂಟನೇ ತರಗತಿಯ ಹುಡುಗನೊಬ್ಬ ಬಂದು, "ಸರ್, ನಮ್ಮ ಮನೆ ಅಕ್ವೇರಿಯಂನ ಸಕ್ಕರ್ ಮೀನು ಬಹಳ ದೊಡ್ಡದಾಗಿದೆ. ಅಬ್ಬಾ ಕೆರೆಗೆ ಬಿಡೋಣ ಅಂತಾರೆ. ಬಿಟ್ರೆ ಸವಾಬ್ ಅಲ್ವಾ ಸರ್?" ಎಂದು ಕೇಳಿದ. ನನಗೆ ತಕ್ಷಣ ಉತ್ತರ ಹೊರಡಲಿಲ್ಲ. ಏಕೆಂದರೆ ಮೂರು ವರ್ಷದ ಹಿಂದೆ ಅಂಥದೇ ಮೀನೊಂದನ್ನು ನಾನೇ ಪುಣ್ಯದ ಕೆಲಸವೆಂದು ಕೆರೆಗೆ ಬಿಟ್ಟು ಬಂದಿದ್ದೆ. ಆ ಹುಡುಗನಿಗೆ ಉತ್ತರ ಹೇಳಬೇಕೆಂದು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ, ಪುಸ್ತಕಗಳನ್ನು ಓದಿದೆ. ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಬಾಯಿಯ ಸುತ್ತ ಮೀಸೆಯಂಥ ಎಳೆಗಳಿರುವುದರಿಂದ ಇಂಗ್ಲಿಷಿನವರು ಈ ಮೀನುಗಳನ್ನು ಬೆಕ್ಕಿಗೆ ಹೋಲಿಸಿ ಕ್ಯಾಟ್‌ಫಿಶ್ ಎಂದರು. ಆ ಮೀಸೆ ಅಲಂಕಾರಕ್ಕಲ್ಲ. ಕೆಸರಿನಲ್ಲಿ, ಕತ್ತಲೆಯಲ್ಲಿ ಆಹಾರವನ್ನು ಮುಟ್ಟಿ, ರುಚಿ ನೋಡಿ ಹುಡುಕಲು. ಜಗತ್ತಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪ್ರಭೇದದ ಮೀಸೆ ಮೀನುಗಳಿವೆ. ಅತಿ ಹೆಚ್ಚು ಬಗೆ ಇರುವುದು ದಕ್ಷಿಣ ಅಮೆರಿಕದ ನದಿಗಳಲ್ಲಿ.

ಅಲ್ಲಿ ಒಂದೊಂದು ಮೀನಿಗೂ ಒಂದೊಂದು ಮನೆ. ಬೆರಳುದ್ದದ ಕೋರಿಡೋರಾಸ್ ಸಣ್ಣ ಹೊಳೆಗಳ ಮರಳಿನಲ್ಲಿ ಗುಂಪಾಗಿ ಮೇಯುತ್ತದೆ. ಬ್ಯಾಂಜೊ ಮೀನು ಕೊಳೆತ ತರಗೆಲೆಗಳ ನಡುವೆ ತರಗೆಲೆಯಂತೆಯೇ ಮಲಗಿರುತ್ತದೆ. ಕಡ್ಡಿಯಷ್ಟು ತೆಳ್ಳಗಿನ ಕಾಂಡಿರು ದೊಡ್ಡ ಮೀನುಗಳ ಕಿವಿರಿಗೆ ನುಗ್ಗಿ ರಕ್ತ ಕುಡಿಯುತ್ತದೆ. ಕಪ್ಪು ಬಿಳುಪು ಪಟ್ಟೆಯ ಜೀಬ್ರಾ ಪ್ಲೆಕೊ ಬ್ರೆಜಿಲ್‌ನ ಶಿಂಗು ನದಿಯ ಬಂಡೆ ಸಂದುಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಆ ನದಿಗೆ ಕಟ್ಟಿದ ಬೆಲೊ ಮೊಂಟೆ ಅಣೆಕಟ್ಟೆ 2016ರಲ್ಲಿ ಕೆಲಸ ಆರಂಭಿಸಿದ ಮೇಲೆ ಅಲ್ಲಿ ನೀರಿನ ಹರಿವು ತಗ್ಗಿ, ಆ ಪುಟ್ಟ ಮೀನಿನ ಉಳಿವೇ ಕಷ್ಟವಾಗಿದೆ. ಮನೆ ಕೆಟ್ಟರೆ ಮೀನು ಕೆಟ್ಟಿತು.

ನಮ್ಮಲ್ಲೂ ಮೀಸೆ ಮೀನುಗಳಿವೆ. ಚೇಳು ಮೀನು, ಗಿರ್ಲು, ಹೀಗೆ ಊರಿಗೊಂದು ಹೆಸರು. ಬೇಸಿಗೆಯಲ್ಲಿ ನಮ್ಮ ಕೆರೆಗಳು ಬತ್ತಿ ಕೆಸರಾಗುತ್ತವೆ. ಆಗ ಚೇಳು ಮೀನು ಹೇಗೆ ಬದುಕುತ್ತದೆ? ಅದರ ಬೆನ್ನಿನ ಉದ್ದಕ್ಕೂ ಎರಡು ಗಾಳಿಚೀಲಗಳಿವೆ. ಮೇಲೆ ಬಂದು ಗಾಳಿ ನುಂಗಿ ಉಸಿರಾಡುತ್ತದೆ. ಅತ್ತ ಕೋರಿಡೋರಾಸ್ ನುಂಗಿದ ಗಾಳಿಯನ್ನು ಕರುಳಿನಲ್ಲೇ ಹೀರಿಕೊಳ್ಳುತ್ತದೆ. ಕಷ್ಟ ಒಂದೇ, ದಾರಿ ಎರಡು. ನೋಡಿ ಮಕ್ಕಳೇ, ಎಂಥ ವಿಸ್ಮಯ!

ಈಗ ಆ ಹುಡುಗನ ಸಕ್ಕರ್ ಮೀನಿಗೆ ಬರೋಣ. ಗಾಜಿನ ಪಾಚಿ ತಿನ್ನುತ್ತದೆಂದು ಅಂಗಡಿಯವರು ಇದನ್ನು ಟ್ಯಾಂಕ್ ಕ್ಲೀನರ್ ಎಂದು ಮಾರುತ್ತಾರೆ. ಇದೂ ದಕ್ಷಿಣ ಅಮೆರಿಕದ್ದೇ. ತರುವಾಗ ಬೆರಳುದ್ದ, ಬೆಳೆದರೆ ಒಂದೂವರೆ ಅಡಿ. ಮೈಮೇಲೆ ಗಟ್ಟಿ ಕವಚ, ರೆಕ್ಕೆಯಲ್ಲಿ ಮುಳ್ಳು. ಹಾಗಾಗಿ ನಮ್ಮ ಕೆರೆಯಲ್ಲಿ ಇದನ್ನು ತಿನ್ನುವವರು ಕಡಿಮೆ. ಕೇರಳ, ತಮಿಳುನಾಡು, ಆಂಧ್ರ, ಪಶ್ಚಿಮ ಬಂಗಾಳದ ನೀರಿನಲ್ಲಿ ಇದು ಈಗಾಗಲೇ ಹಬ್ಬಿದೆ. ಬಲೆ ಹರಿದು, ಇತರ ಮೀನು ಸಿಗದೆ ನೊಂದ ಆಂಧ್ರದ ಮೀನುಗಾರರು ಇದನ್ನು ದೆವ್ವದ ಮೀನು ಎನ್ನುತ್ತಾರೆ. ಮೊಟ್ಟೆ ಇಡಲು ಇದು ದಡದ ಮಣ್ಣಿನಲ್ಲಿ ಒಂದು ಮೀಟರಿನವರೆಗೂ ಬಿಲ ತೋಡುತ್ತದೆ.

ದಡ ಎಂದರೆ ನಮಗೆ ಕೆರೆ ಏರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಜನರಿಗೆ ಏರಿಯ ಬೆಲೆ ಹೇಳಬೇಕಿಲ್ಲ. ಕೆರೆಯಲ್ಲಿ ನೀರು ನಿಂತರೆ ಕೊಳವೆಬಾವಿ, ಕೊಳವೆಬಾವಿಯಲ್ಲಿ ನೀರಿದ್ದರೆ ತೆಂಗು, ತೆಂಗಿದ್ದರೆ ಕೊಬ್ಬರಿ, ಕೊಬ್ಬರಿ ಮಾರಿದರೆ ನಿಮ್ಮ ಶಾಲೆಯ ಶುಲ್ಕ. ಇನ್ನು ಒಂದು ಕೆರೆಗೆ ಬಿಟ್ಟ ಮೀನು ಅಲ್ಲೇ ಉಳಿಯುವುದಿಲ್ಲ. ಕೋಡಿ ಬಿದ್ದರೆ ಮುಂದಿನ ಕೆರೆ. ತುರುವೇಕೆರೆ ಕಡೆಯಾದರೆ ಹಳ್ಳ ಹಿಡಿದು ಶಿಂಷಾ, ಅಲ್ಲಿಂದ ಕಾವೇರಿ.

ಹೊರಗಿನ ಮೀನಿನ ಪಾಠ ನಮಗೆ ಹೊಸದೂ ಅಲ್ಲ. ಆಫ್ರಿಕಾದ ಕ್ಯಾಟ್‌ಫಿಶ್ ನಮ್ಮ ಮೀನುಗಳನ್ನೇ ತಿಂದು ಮುಗಿಸುತ್ತದೆಂದು ಕೇಂದ್ರ ಸರ್ಕಾರ 2000ನೇ ಇಸವಿಯಲ್ಲಿ ಅದರ ಸಾಕಣೆಯನ್ನು ನಿಷೇಧಿಸಿತು. ಆದರೂ ಕದ್ದು ಸಾಕುವುದು ನಿಂತಿಲ್ಲ.

ಆ ಹುಡುಗನಿಗೆ ಹೇಳಿದೆ: "ಮಗಾ, ಒಂದು ಜೀವಕ್ಕೆ ದಯೆ ತೋರಿಸಲು ಹೋಗಿ ಸಾವಿರ ಜೀವಗಳ ಮನೆ ಕೆಡಿಸಬಾರದು. ನಾನು ಕೆಡಿಸಿರಬಹುದು. ನೀನು ಬೇಡ." ಅವನ ಮೀನು ಈಗ ನಮ್ಮ ಶಾಲೆಯ ಸಿಮೆಂಟ್ ತೊಟ್ಟಿಯಲ್ಲಿದೆ. ಬಿಡುವಿನ ವೇಳೆಯಲ್ಲಿ ಮಕ್ಕಳು ಅದಕ್ಕೆ ಸೌತೆಕಾಯಿ ಹಾಕುತ್ತಾರೆ.

ಪ್ರಿಯ ವಿದ್ಯಾರ್ಥಿಗಳೇ, ಮೀನು ಸಾಕಿರಿ, ಅದರ ಊರು, ನೀರು, ಗುಣ ತಿಳಿದು ಸಾಕಿರಿ. ಸಾಕಲಾಗದಿದ್ದರೆ ಅಂಗಡಿಗೆ ಹಿಂತಿರುಗಿಸಿ, ಸಾಕುವವರಿಗೆ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ. ನನಗೆ ತಡವಾಗಿ ತಿಳಿದದ್ದು ನಿಮಗೆ ಬೇಗ ತಿಳಿಯಲಿ ಎಂದು ಹಾರೈಸಿ ಮಾತು ಮುಗಿಸುತ್ತೇನೆ.