ಕಾನಿನ ಬೀಜ, ಕಣಜದ ಬೀಜ

(ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಳೆಕಾಡು ಎಂದೊಡನೆ ಅಮೆಜಾನಿನ ಚಿತ್ರ ಕಣ್ಣೆದುರು ಬರುವುದು ಪಠ್ಯಪುಸ್ತಕದ ಪ್ರಭಾವ. ಆ ಹೆಸರನ್ನು ಬಳಕೆಗೆ ತಂದವರು ಜರ್ಮನಿಯ ಸಸ್ಯವಿಜ್ಞಾನಿ ಶಿಂಪರ್, 1898ರಲ್ಲಿ. ನಮ್ಮ ಹಿರಿಯರಾದರೋ ಇಂಥ ಅಡವಿಯನ್ನು ‘ಕಾನು’ ಎಂದು ಕರೆದು, ಎಲೆಯುದುರುವ ಕಾಡಿನಿಂದ ಬೇರೆಯಾಗಿಯೇ ಗುರುತಿಸಿದ್ದರು.

ಮಳೆ ಹೆಚ್ಚು ಸುರಿದ ಮಾತ್ರಕ್ಕೆ ಕಾನು ಬೆಳೆಯುವುದಿಲ್ಲ. ಬೋರ್ನಿಯೊ ದ್ವೀಪದಲ್ಲಿ ಬಹುತೇಕ ವರ್ಷವಿಡೀ ಮಳೆಯಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಸುರಿದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಮುಂದಿನ ಐದಾರು ತಿಂಗಳ ಒಣಹವೆಯನ್ನು ನಮ್ಮ ಕಾನು ತನ್ನ ಒಡಲಲ್ಲಿ ಹಿಡಿದಿಟ್ಟ ತೇವದಿಂದಲೇ ದಾಟಬೇಕು. ಒತ್ತಾದ ಮೇಲ್ಛಾವಣಿ ಬಿಸಿಲನ್ನು ತಡೆಯುತ್ತದೆ. ತರಗೆಲೆಯ ಹಾಸು ನೆಲವನ್ನು ಆರಗೊಡುವುದಿಲ್ಲ. ಬೇರುಗಳ ಸಂದಿನಲ್ಲಿ ಇಳಿದ ನೀರು ಬೇಸಿಗೆಯಲ್ಲಿ ಮೆಲ್ಲನೆ ಹಳ್ಳಕ್ಕೆ ಒಸರುತ್ತದೆ. ಕೆಳಗಿನ ಅಡಿಕೆ ತೋಟಕ್ಕೆ ಸಿಗುವುದು ಆ ಒಸರೇ.

ಕೃಷಿ ವಿಜ್ಞಾನದವನಾದ ನನಗೆ ಇದಕ್ಕಿಂತಲೂ ಮುಖ್ಯವೆನಿಸುವುದು ಬೀಜದ ಸಂಗತಿ. ಭತ್ತವನ್ನು ಚೆನ್ನಾಗಿ ಒಣಗಿಸಿ ಕಣಜಕ್ಕೆ ತುಂಬಿದರೆ ಮುಂದಿನ ಮಳೆಗಾಲಕ್ಕೆ ಮೊಳೆಯುತ್ತದೆ. ಒಣಗುವುದೇ ಅದಕ್ಕೆ ರಕ್ಷೆ. ಧೂಪ, ರಾಮಪತ್ರೆ ಮುಂತಾದ ಕಾನಿನ ಮರಗಳ ಬೀಜಕ್ಕೆ ಒಣಗುವುದೇ ಸಾವು. ಅವು ತೇವ ತುಂಬಿಕೊಂಡೇ ಉದುರುತ್ತವೆ, ಉದುರಿದ ಮೇಲೆ ತೇವ ಆರುವ ಮೊದಲೇ ಮೊಳೆಯಬೇಕು, ಮೊಳೆತ ಸಸಿ ನೆರಳಿನಲ್ಲಿ ವರ್ಷಗಟ್ಟಲೆ ಕಾಯಬೇಕು. ಎಲ್ಲಿಯಾದರೂ ಹಳೆಯ ಮರವೊಂದು ಉರುಳಿ ಬೆಳಕಿನ ಕಿಂಡಿ ತೆರೆದಾಗ ಅದು ಮೇಲೇಳುತ್ತದೆ. ಇಂಥ ಬೀಜವನ್ನು ಡಬ್ಬಿಯಲ್ಲಿಟ್ಟು ಮೊಮ್ಮಕ್ಕಳಿಗೆ ಕೊಡಲಾಗದು. ಕಡಿದು ಬಯಲಾದ ಗುಡ್ಡದ ಮಣ್ಣಿನಲ್ಲಿಯೂ ಅದು ಮಲಗಿ ಕಾಯುತ್ತಿರುವುದಿಲ್ಲ. ಅಳಿದುಳಿದ ಕಾನಿನ ತುಣುಕೇ ಅದಕ್ಕೆ ಕಣಜ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಜಾಯಿಕಾಯಿ ಬಳಗದ ಮರಗಳ ಜೌಗು ಇದೆ. ಕೆಸರಿನಲ್ಲಿ ಉಸಿರಾಡಲು ಬೇರುಗಳು ಮಂಡಿಯಂತೆ ಮಡಚಿ ಮೇಲೆದ್ದಿರುತ್ತವೆ. ಮಾವು, ಗೇರುಗಳ ಕುಟುಂಬಕ್ಕೆ ಸೇರಿದ ಒಂದು ಮರವನ್ನು ಅಲ್ಲಿ ಕಂಡು, ಆ ಕಾನಿನ ಹೆಸರನ್ನೇ ಸೇರಿಸಿ ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ವಿಜ್ಞಾನಿಗಳು ನಾಮಕರಣ ಮಾಡಿದ್ದು 2000ದಲ್ಲಿ. ಅಷ್ಟು ಎತ್ತರದ ಮರ ಅಲ್ಲಿಯವರೆಗೂ ಶಾಸ್ತ್ರದ ಲೆಕ್ಕಕ್ಕೆ ಸಿಕ್ಕಿರಲಿಲ್ಲ! ಇಂಥ ಜೌಗುಗಳಲ್ಲಿ ಅನೇಕವು ಹಿಂದೆಯೇ ಗದ್ದೆಯೂ ಅಡಿಕೆ ತೋಟವೂ ಆದವು. ಆ ತೋಟಗಳ ಫಲವುಂಡವರೇ ನಾವು. ಆದ್ದರಿಂದ ಉಳಿದವುಗಳ ಹೊಣೆಯೂ ನಮ್ಮದೇ.

ಪರಿಸರ ದಿನದಂದು ಬೋಳುಗುಡ್ಡದಲ್ಲಿ ಅಕೇಶಿಯಾ ಸಾಲು ನೆಟ್ಟು ‘ಅರಣ್ಯೀಕರಣ’ ಎನ್ನುವುದನ್ನು ನಾನು ಒಪ್ಪಲಾರೆ. ಸೌದೆಗೆ ಅದು ಆದೀತು. ಆದರೆ ರಾಮಪತ್ರೆಯ ಬೀಜ ನುಂಗಿ, ಪತ್ರೆಯ ಸಾರವನ್ನಷ್ಟೇ ಅರಗಿಸಿಕೊಂಡು, ಬೀಜವನ್ನು ದೂರದಲ್ಲಿ ಉಗುಳುವ ಮಂಗಟ್ಟೆಗೆ ಅಲ್ಲಿ ಏನಿದೆ? ಗೂಡಿಗೆ ಬೇಕಾದ ಪೊಟರೆಯುಳ್ಳ ಮುದಿಮರ ಎಲ್ಲಿದೆ? ಹಕ್ಕಿ ಬಾರದಿದ್ದರೆ ಬೀಜವೂ ಬಾರದು.

ಮಾಡಬಹುದಾದ ಕೆಲಸ ಸಣ್ಣದು, ತಾಳ್ಮೆಯದು. ಪತ್ರೆ ಕೊಯ್ಯುವವರು ಕೊಂಬೆ ಕಡಿಯದೆ, ಬಲಿಯದ ಕಾಯಿಗೆ ಕೈಹಾಕದೆ, ಮರದಲ್ಲಿ ಒಂದು ಪಾಲನ್ನು ಹಕ್ಕಿಗೆ ಬಿಡಲಿ. ಸೊಪ್ಪಿನಬೆಟ್ಟದಲ್ಲಿ ತರಗು ಗುಡಿಸುವಾಗ ಕಾನಿನ ಅಂಚಿನ ಒಂದಷ್ಟು ಜಾಗವನ್ನು ಮುಟ್ಟದಿರೋಣ. ವಿದ್ಯಾರ್ಥಿಗಳು ಮಳೆಗಾಲದ ಮೊದಲಿಗೆ ದಾರಿಬದಿಯಲ್ಲಿ ಬಿದ್ದ ಧೂಪದ ಬೀಜವನ್ನು ಆಯ್ದು, ಬಿಸಿಲಿಗೆ ಹಾಕದೆ, ಅದೇ ವಾರ ನೆರಳಿನ ಪಾತಿಯಲ್ಲಿ ಊರಲಿ. ಸಸಿಗಳನ್ನು ಬಯಲಿಗೆ ಒಯ್ಯುವುದು ಬೇಡ. ಈಗಿರುವ ಮರಗಳ ಅಡಿಯಲ್ಲಿ, ಕಾನಿನ ಅಂಚಿನಿಂದ ಹೊರಕ್ಕೆ ಒಂದೊಂದು ಮಾರು ಮುಂದುವರಿಯುತ್ತಾ ನೆಡಬೇಕು.