6,600 ವರ್ಷ ಹಳೆಯ ಹಾವುಮೀನಿನ ಲೆಕ್ಕ

ಇವತ್ತು ಮೊದಲು ಒಂದು ತಪ್ಪೊಪ್ಪಿಗೆ. ಹೋದ ಕಂತಿನಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಗ್ಗೆ ಹೇಳ್ತಾ, 'ಅವರು ಬೇಟೆಯಾಡ್ತಾ ಅಲೀತಿದ್ರು, ಎಲ್ಲೂ ನೆಲೆ ನಿಂತವರಲ್ಲ' ಅಂತ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟೆ. ಅದು ತಪ್ಪು. ಬರೀ ತಪ್ಪಲ್ಲ, ಇಂಥ ಮಾತನ್ನೇ ನೆಪ ಮಾಡಿಕೊಂಡು ಅವರ ನೆಲ ಕಿತ್ತುಕೊಂಡಿದ್ರು. ಹೇಗೆ ಅಂತ ಹೇಳ್ತೀನಿ, ಕೇಳಿ.

ಮೆಲ್ಬೋರ್ನ್‌ನಿಂದ ಪಶ್ಚಿಮಕ್ಕೆ ಸುಮಾರು 300 ಕಿಲೋಮೀಟರ್ ಹೋದ್ರೆ ಬುಡ್ಜ್ ಬಿಮ್ ಅನ್ನೋ ಆರಿದ ಜ್ವಾಲಾಮುಖಿ ಇದೆ. ಇದು ಗುಂಡಿಚ್‌ಮಾರ ಜನರ ನೆಲ. ಜ್ವಾಲಾಮುಖಿಯ ಲಾವಾ ಹರಿದು ಗಟ್ಟಿಯಾಗಿ, ಎಲ್ಲಿ ನೋಡಿದ್ರೂ ಕಪ್ಪು ಕಲ್ಲು, ನಡುನಡುವೆ ಜೌಗು. ಉಳೋಕೆ ಬರದ ಜಾಗ. ಅವರು ಆ ಕಲ್ಲನ್ನೇ ಕೆಲಸಕ್ಕೆ ಹಚ್ಚಿದ್ರು. ಕಾಲುವೆ ತೋಡಿದ್ರು, ಒಡ್ಡು ಕಟ್ಟಿದ್ರು, ಹೊಂಡ ಮಾಡಿದ್ರು. ಇದರಲ್ಲಿ ಹಳೆಯ ಭಾಗಕ್ಕೆ ಕನಿಷ್ಠ 6,600 ವರ್ಷ ವಯಸ್ಸು. ಅಂದ್ರೆ ಈಜಿಪ್ಟಿನ ಗೀಜಾ ಪಿರಮಿಡ್‌ಗಳಿಗಿಂತ ಎರಡು ಸಾವಿರ ವರ್ಷ ಹಳೇದು!

ಎಲ್ಲಾ ಹಾವುಮೀನಿಗಾಗಿ. ಈ ಮೀನು ಬೆಳೆಯೋದು ಸಿಹಿನೀರಲ್ಲಿ, ಮೊಟ್ಟೆ ಇಡೋಕೆ ಹೋಗೋದು ದೂರದ ಸಮುದ್ರಕ್ಕೆ. ಆ ಓಡಾಟದ ಕಾಲ ಗೊತ್ತಿದ್ದ ಜನ, ನೀರನ್ನು ಕಾಲುವೆಗೆ ತಿರುಗಿಸಿ, ಒಡ್ಡಿನ ಕಿಂಡಿಗೆ ಹುಲ್ಲಿನಲ್ಲಿ ನೇಯ್ದ ಉದ್ದನೆ ಬುಟ್ಟಿ ಇಡ್ತಿದ್ರು. ನಮ್ಮ ಮಲೆನಾಡಿನ ಕೂಳಿ ಇದೆಯಲ್ಲ, ಹೆಚ್ಚುಕಮ್ಮಿ ಹಾಗೆ. ದೊಡ್ಡ ಮೀನು ಸಿಕ್ಕಿಬೀಳುತ್ತೆ, ಸಣ್ಣದು ನುಸುಳಿ ಹೋಗುತ್ತೆ. ಕೆಲವನ್ನು ಹೊಂಡದಲ್ಲಿ ಜೀವಂತ ಇಟ್ಟು ಬೆಳೆಸ್ತಿದ್ರು. ಹಿಡಿದದ್ದನ್ನು ಹೊಗೆ ಹಾಕಿ ಕಾಪಿಡ್ತಿದ್ರು. ಪಕ್ಕದಲ್ಲೇ ಕಲ್ಲಿನ ತಳಪಾಯದ ಮನೆಗಳು. ನಾನು ಬಿ.ಕಾಂ. ಓದಿದವನು, ನನ್ನ ಭಾಷೆಯಲ್ಲಿ ಹೇಳೋದಾದ್ರೆ, ಅಸಲು ಮುಟ್ಟದೆ ಬಡ್ಡಿ ತಿಂದ ಜನ ಇವರು.

ಹಾಗಂತ ಎಲ್ಲರೂ ಹೀಗೇ ಬದುಕಿದ್ರು ಅಂತಲ್ಲ. ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಮರುಭೂಮಿಯವರು ನೀರಿನ ಜಾಡು ಹಿಡಿದು ನಡೆದದ್ದು ನಿಜ. ಆದ್ರೆ ಯಾವ ಕಾಲಕ್ಕೆ ಎಲ್ಲಿ ನೀರು ಅಂತ ಗೊತ್ತಿದ್ದು ನಡೆಯೋದು ಅಲೆದಾಟ ಅಲ್ಲ ಅಲ್ವಾ?

ಬ್ರಿಟಿಷರು ಬಂದಾಗ ಇದನ್ನೆಲ್ಲ ಲೆಕ್ಕಕ್ಕೇ ತಗೊಳ್ಳಲಿಲ್ಲ. ಉಳುಮೆ ಇಲ್ಲ, ಬೇಲಿ ಇಲ್ಲ, ಹಾಗಾದ್ರೆ ಇದು ಯಾರಿಗೂ ಸೇರದ ಭೂಮಿ ಅಂದುಬಿಟ್ರು. ಗುಂಡಿಚ್‌ಮಾರ ಜನ ವರ್ಷಗಟ್ಟಲೆ ಕಾದಾಡಿದ್ರು, ಆದರೂ ನೆಲ ಹೋಯ್ತು. ಆಮೇಲೆ ಅವರ ಕೆರೆಯ ನೀರನ್ನೂ ಹೊರಹರಿಸಿ ಒಣಗಿಸಿದ್ರು. 'ಯಾರಿಗೂ ಸೇರದ ಭೂಮಿ' ಅನ್ನೋ ವಾದವನ್ನು ಆಸ್ಟ್ರೇಲಿಯಾದ ಹೈಕೋರ್ಟ್ ತಳ್ಳಿಹಾಕಿದ್ದು 1992ರಲ್ಲಿ, ಮಾಬೊ ಪ್ರಕರಣದಲ್ಲಿ. 2007ರಲ್ಲಿ ಗುಂಡಿಚ್‌ಮಾರ ಜನರ ಹಕ್ಕಿಗೆ ಕೋರ್ಟ್ ಮನ್ನಣೆ ಸಿಕ್ತು. 2010ರಲ್ಲಿ ಹೊಸ ಒಡ್ಡು ಕಟ್ಟಿ ಕೆರೆಗೆ ಮತ್ತೆ ನೀರು ತುಂಬಿಸಿದ್ರು. 2019ರಲ್ಲಿ ಬುಡ್ಜ್ ಬಿಮ್ ಯುನೆಸ್ಕೋ ಪಟ್ಟಿ ಸೇರಿತು.

ಒಂದು ಜನ ಏನೂ ಮಾಡಿಲ್ಲ ಅನ್ನೋಕೆ ಒಂದು ವಾಕ್ಯ ಸಾಕು. ನಾನೂ ಅಷ್ಟೇ ಸುಲಭವಾಗಿ ಅಂದುಬಿಟ್ಟಿದ್ದೆ. ಆ ವಾಕ್ಯವನ್ನು ಇವತ್ತು ವಾಪಸ್ ತಗೊಳ್ತಿದ್ದೀನಿ. ಮುಂದಿನ ವಾರ ಸಿಗೋಣ.